ಎಣಿಸುವ ಕಾನೂನು, ಅಳೆಯದ ಗುಣಮಟ್ಟ: ಅಮೆರಿಕಕ್ಕೆ ಬರುವ ರೈಫಲ್ ಬಿಡಿಭಾಗಗಳ ಸುತ್ತ

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ನಳಿಕೆ ಬಂದೂಕಲ್ಲ, ಬೋಲ್ಟ್ ಬಂದೂಕಲ್ಲ, ಮರದ ಹಿಡಿಯಂತೂ ಅಲ್ಲವೇ ಅಲ್ಲ. ಇವೆಲ್ಲವನ್ನೂ ಕೂಡಿಸಿ ಹಿಡಿದಿಡುವ ‘ರಿಸೀವರ್’ ಎಂಬ ಲೋಹದ ಚೌಕಟ್ಟು ಮಾತ್ರವೇ ಅಲ್ಲಿ ಬಂದೂಕು. ಕ್ರಮಸಂಖ್ಯೆ ಬೇಕಿರುವುದು ಅದಕ್ಕೆ. ವ್ಯಾಪಾರಿ ಗ್ರಾಹಕನ ಹಿನ್ನೆಲೆಯನ್ನು ತಪಾಸಣೆ ಮಾಡಬೇಕಿರುವುದೂ ಅದನ್ನು ಮಾರುವಾಗಲೇ. ಉಳಿದ ಭಾಗಗಳು ಬಹುತೇಕ ರಾಜ್ಯಗಳಲ್ಲಿ ಸೈಕಲ್ಲಿನ ಬಿಡಿಭಾಗಗಳಂತೆ ಪಾರ್ಸೆಲ್‌ನಲ್ಲಿ ಮನೆ ಬಾಗಿಲಿಗೆ ಬರುತ್ತವೆ. ಪೂರ್ವ ಯುರೋಪಿನ ಸೇನಾ ಉಗ್ರಾಣಗಳಿಂದ ಹೊರಟ ಹಳೆಯ ರೈಫಲ್‌ಗಳ ತುಣುಕುಗಳು ಹೀಗೆಯೇ ದಶಕಗಳಿಂದ ಆ ದೇಶವನ್ನು ಸೇರುತ್ತಿವೆ.

ಅಮೆರಿಕದ ಬಂದೂಕು ಚರ್ಚೆ ಎಂದರೆ ನಮಗೆ ನೆನಪಾಗುವುದು ಶಾಲೆಗಳಲ್ಲಿ ನಡೆಯುವ ಹತ್ಯಾಕಾಂಡ, ಸಂವಿಧಾನದ ಎರಡನೆಯ ತಿದ್ದುಪಡಿ, ಚುನಾವಣೆಯ ವಾಗ್ವಾದ. ಗುಂಡು ಹಾರಿಸುವವನ ಕೈಯಲ್ಲೇ ಸಿಡಿಯುವ ಬಂದೂಕಿನ ವಿಚಾರ ಅಷ್ಟಾಗಿ ಸುದ್ದಿಯಾಗುವುದಿಲ್ಲ. ಆದರೆ ಆಮದು ಬಿಡಿಭಾಗಗಳ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಹತ್ತಾರು ಭಾಗಗಳು ಹತ್ತಾರು ಕಡೆಯಿಂದ ಬಂದು ಒಂದು ರೈಫಲ್ ಆದಾಗ, ಅದು ಸುರಕ್ಷಿತವೆಂದು ಹೇಳುವವರು ಯಾರು?

ಕಿಟ್ ಎಂದರೇನು?

ಅರೆ-ಸ್ವಯಂಚಾಲಿತ ರೈಫಲ್‌ನಲ್ಲಿ ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರುತ್ತದೆ. ಖಾಲಿ ಕವಚವನ್ನು ಹೊರಚೆಲ್ಲಿ ಮುಂದಿನ ಕಾಡತೂಸನ್ನು ನಳಿಕೆಗೆ ತುಂಬುವ ಕೆಲಸವನ್ನು ಬಂದೂಕೇ ಮಾಡಿಕೊಳ್ಳುತ್ತದೆ. ಸೇನೆಯ ರೈಫಲ್‌ಗಳು ಬಹುತೇಕ ಪೂರ್ಣ ಸ್ವಯಂಚಾಲಿತವಾಗಿಯೂ ಕೆಲಸ ಮಾಡಬಲ್ಲವು. ಆದ್ದರಿಂದ ಅಮೆರಿಕದ ನಾಗರಿಕ ಮಾರುಕಟ್ಟೆಗೆ ಅವನ್ನು ಇಡಿಯಾಗಿ ತರುವಂತಿಲ್ಲ. ರುಮೇನಿಯ, ಪೋಲೆಂಡ್, ಹಂಗೆರಿ, ಬಲ್ಗೇರಿಯ, ಹಿಂದಿನ ಯುಗೊಸ್ಲಾವಿಯ ಮುಂತಾದ ದೇಶಗಳು ಶೀತಲ ಸಮರ ಮುಗಿದ ಮೇಲೆ ಉಗ್ರಾಣಗಳಲ್ಲಿ ಕೊಳೆಯುತ್ತಿದ್ದ ಕಲಾಶ್ನಿಕೋವ್ ಮಾದರಿಯ ರೈಫಲ್‌ಗಳನ್ನು ಮಾರಲು ಮುಂದಾದಾಗ ವ್ಯಾಪಾರಿಗಳು ಕಂಡುಕೊಂಡ ದಾರಿ ಸರಳವಾಗಿತ್ತು. ರಿಸೀವರನ್ನು ಗ್ಯಾಸ್ ಜ್ವಾಲೆಯಿಂದ ತುಂಡರಿಸಿ ನಾಶಪಡಿಸುವುದು, ಉಳಿದುದನ್ನು ‘ಪಾರ್ಟ್ಸ್ ಕಿಟ್’ ಎಂದು ಕಟ್ಟಿ ಕಳುಹಿಸುವುದು. ಅಮೆರಿಕದಲ್ಲಿ ಹೊಸ ರಿಸೀವರ್ ಸೇರಿಸಿ ಅರೆ-ಸ್ವಯಂಚಾಲಿತ ರೈಫಲ್ ಕಟ್ಟಿಕೊಳ್ಳಬಹುದು. ಕಟ್ಟುವವನು ಕಾರ್ಖಾನೆಯವನೂ ಆಗಿರಬಹುದು, ಗ್ಯಾರೇಜಿನಲ್ಲಿ ಕೂತ ಹವ್ಯಾಸಿಯೂ ಆಗಿರಬಹುದು.

ಸೇನಾ ಕಾರ್ಖಾನೆಯಲ್ಲಿ ಬೋಲ್ಟ್ ಮತ್ತು ಅದನ್ನು ಹೊರುವ ಭಾಗದ ಮೇಲೆ ಆಯಾ ರೈಫಲ್‌ನ ಸಂಖ್ಯೆಯನ್ನೇ ಕೊರೆದಿರುತ್ತಾರೆ. ಅವು ಒಂದಕ್ಕೊಂದು ಹೊಂದಿಸಿದ ಭಾಗಗಳು ಎಂಬುದಕ್ಕೆ ಅದು ಗುರುತು. ಕಿಟ್‌ಗಳನ್ನು ಕಟ್ಟುವವರಿಗೆ ಈ ಸಂಖ್ಯೆಯ ಗೊಡವೆ ಹಲವು ವೇಳೆ ಇರುವುದಿಲ್ಲ. ಯಾವುದೋ ರೈಫಲ್‌ನ ಬೋಲ್ಟ್ ಇನ್ಯಾವುದೋ ರೈಫಲ್‌ನ ನಳಿಕೆಯ ಜೊತೆ ಒಂದೇ ಚೀಲದಲ್ಲಿ ಬಂದಿರುವುದು ಸಾಮಾನ್ಯ.

ಇಪ್ಪತ್ತರಲ್ಲಿ ಹತ್ತು

1968ರ ಬಂದೂಕು ನಿಯಂತ್ರಣ ಕಾಯಿದೆಯು ಆಮದಾಗುವ ಬಂದೂಕು ‘ಕ್ರೀಡಾ ಉದ್ದೇಶಕ್ಕೆ’ ತಕ್ಕದ್ದಾಗಿರಬೇಕು ಎಂದಿತು. 1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ ನಗರದ ಶಾಲೆಯೊಂದರಲ್ಲಿ ಕಲಾಶ್ನಿಕೋವ್ ಮಾದರಿಯ ರೈಫಲ್‌ಗೆ ಐವರು ಮಕ್ಕಳು ಬಲಿಯಾದ ಮೇಲೆ, ಹಿರಿಯ ಬುಷ್ ಅವರ ಸರ್ಕಾರ ಅದೇ ವರ್ಷ 43 ಬಗೆಯ ರೈಫಲ್‌ಗಳ ಆಮದನ್ನು ನಿಷೇಧಿಸಿತು. ಹೊರಗಿಂದ ತರಲಾಗದ ರೈಫಲನ್ನು ಒಳಗೇ ಆಮದು ಬಿಡಿಭಾಗಗಳಿಂದ ಜೋಡಿಸಿಕೊಂಡರೆ? ಆ ಬಾಗಿಲನ್ನು ಮುಚ್ಚಲು 1990ರಲ್ಲಿ ಸಂಸತ್ತು ಇನ್ನೊಂದು ಕಲಮನ್ನು ಸೇರಿಸಿತು. ಬಂದೂಕು ಪ್ರಿಯರ ಬಾಯಲ್ಲಿ ಅದು ಇಂದಿಗೂ ‘922 ಆರ್’.

ಈ ಕಲಮಿಗಾಗಿ ರೂಪಿಸಿದ ನಿಯಮ ಸ್ವಾರಸ್ಯಕರವಾಗಿದೆ. 20 ಬಿಡಿಭಾಗಗಳ ಪಟ್ಟಿಯೊಂದಿದೆ. ಜೋಡಿಸಿದ ರೈಫಲ್‌ನಲ್ಲಿ ಈ ಪಟ್ಟಿಯ ಆಮದು ಭಾಗಗಳು ಹತ್ತಕ್ಕಿಂತ ಹೆಚ್ಚಿರಬಾರದು. ಪಟ್ಟಿಯಲ್ಲಿ ನಳಿಕೆ, ಬೋಲ್ಟ್, ಗ್ಯಾಸ್ ಪಿಸ್ಟನ್, ಟ್ರಿಗರ್, ಹ್ಯಾಮರ್‌ಗಳಿವೆ. ಹೆಗಲಿಗೆ ಒರಗುವ ಹಿಡಿಯೂ ಮ್ಯಾಗಜಿನ್ನಿನ ತಳದ ತಗಡೂ ಇವೆ. ಲೆಕ್ಕಕ್ಕೆ ಎಲ್ಲವೂ ಸಮಾನ. ಗುಂಡಿನ ಒತ್ತಡವನ್ನೆಲ್ಲ ತಡೆಯುವ ಬೋಲ್ಟ್ ಒಂದು ಅಂಕ, ತಳದ ತಗಡೂ ಒಂದು ಅಂಕ. ಕಾಡತೂಸಿನ ಬೆನ್ನಿಗೆ ಬಡಿಯುವ ಫೈರಿಂಗ್ ಪಿನ್ ಮಾತ್ರ ಪಟ್ಟಿಯಲ್ಲೇ ಇಲ್ಲ. ಭಾಗ ಯಾವ ದೇಶದ್ದು ಎಂದು ನಿಯಮ ಕೇಳುತ್ತದೆ. ಗಟ್ಟಿಯೇ, ಅಳತೆಗೆ ಸರಿಯೇ, ಪಕ್ಕದ ಭಾಗಕ್ಕೆ ಹೊಂದುತ್ತದೆಯೇ ಎಂದು ಕೇಳುವುದಿಲ್ಲ.

ಪರಿಣಾಮವಾಗಿ, ಸೇನಾ ಕಾರ್ಖಾನೆಯಲ್ಲಿ ಪರೀಕ್ಷೆಗೊಳಗಾಗಿದ್ದ ಪಿಸ್ಟನ್, ಟ್ರಿಗರ್, ಹ್ಯಾಮರ್‌ಗಳನ್ನು ಕಿತ್ತು ಅಮೆರಿಕದಲ್ಲಿ ತಯಾರಾದ ಭಾಗಗಳನ್ನು ಕೂರಿಸುವುದು ವಾಡಿಕೆಯಾಯಿತು. ಕೆಲವು ಬದಲಿ ಭಾಗಗಳು ಮೂಲಕ್ಕಿಂತ ಉತ್ತಮವಾಗಿಯೇ ಇದ್ದವು. ಇನ್ನು ಕೆಲವು ಟ್ರಿಗರ್‌ಗಳು ಪ್ರತಿ ಗುಂಡಿಗೂ ಬೆರಳಿಗೆ ಮರುಹೊಡೆತ ಕೊಡುತ್ತಿದ್ದವು. ರುಮೇನಿಯದಿಂದ ಇಡಿಯಾಗಿ ಬಂದ ಕ್ರೀಡಾ ಮಾದರಿಯ ರೈಫಲ್‌ಗಳದ್ದು ಇನ್ನೊಂದು ಪಾಡು. ಆಮದಿನ ಷರತ್ತನ್ನು ಪೂರೈಸಲು ಅವನ್ನು ಕಿರಿದಾದ ಮ್ಯಾಗಜಿನ್ ಬಾಯಿಯೊಂದಿಗೆ ತಯಾರಿಸಲಾಗುತ್ತಿತ್ತು. ಅಮೆರಿಕಕ್ಕೆ ಬಂದ ಮೇಲೆ ಆ ಬಾಯನ್ನು ಕೊರೆದು ಅಗಲಿಸಿ ಸಾಮಾನ್ಯ ಮ್ಯಾಗಜಿನ್ ಹೊಂದಿಸಲಾಗುತ್ತಿತ್ತು. ಕೊರೆಯುವವನ ಕೈ ತುಸು ಜಾರಿದರೂ ಮ್ಯಾಗಜಿನ್ ಅಲುಗಾಡುತ್ತದೆ, ಕಾಡತೂಸು ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನು ರುಮೇನಿಯದ ಕಾರ್ಖಾನೆಯ ಕಳಪೆ ಕೆಲಸ ಎಂದು ದೂರುವವರು ಬಹಳ. ಈ ದೋಷ ಮಾತ್ರ ಎರಡು ದೇಶಗಳ ನಡುವಿನ ಕಾನೂನಿನ ಸಂದಿಯಲ್ಲಿ ಹುಟ್ಟಿದ್ದು.

ಬೋಲ್ಟ್ ಎಂಬ ಬೀಗ

ಈಗ ನಿಜವಾದ ಅಪಾಯದ ಮಾತಿಗೆ ಬರೋಣ. ಕಲಾಶ್ನಿಕೋವ್ ಬಳಸುವ 7.62×39 ಮಿ.ಮೀ. ಕಾಡತೂಸು ಸಿಡಿದಾಗ ಚೇಂಬರಿನೊಳಗಿನ ಅನಿಲದ ಒತ್ತಡಕ್ಕೆ ಯುರೋಪಿನ ಮಾನದಂಡ ವಿಧಿಸುವ ಗರಿಷ್ಠ ಮಿತಿ 3,550 ಬಾರ್. ಕಾರಿನ ಟೈರಿನಲ್ಲಿರುವುದು ಎರಡು ಚಿಲ್ಲರೆ ಬಾರ್ ಎಂಬುದನ್ನು ನೆನೆದರೆ ಇದರ ಪ್ರಮಾಣ ಅರ್ಥವಾದೀತು. ಈ ಒತ್ತಡವನ್ನು ಮುಖದಿಂದ ಒಂದು ಗೇಣು ದೂರದಲ್ಲಿ ತಡೆದು ನಿಲ್ಲಿಸುವುದು ಬೋಲ್ಟ್. ಅದರ ಎರಡು ಕಿವಿಗಳು ‘ಟ್ರುನಿಯನ್’ ಎಂಬ ಉಕ್ಕಿನ ಗಟ್ಟಿಯೊಳಗೆ ತಿರುಗಿ ಬೀಗದಂತೆ ಕೂರುತ್ತವೆ.

ಬೀಗ ಹಾಕಿದ ಬೋಲ್ಟಿನ ಮುಖಕ್ಕೂ ಚೇಂಬರಿನಲ್ಲಿ ಕಾಡತೂಸು ತಂಗುವ ನೆಲೆಗೂ ಇರುವ ಅಂತರವನ್ನು ‘ಹೆಡ್‌ಸ್ಪೇಸ್’ ಎನ್ನುತ್ತಾರೆ. ಅಂತರ ಕಡಿಮೆಯಾದರೆ ಬೋಲ್ಟ್ ಪೂರ್ತಿ ಮುಚ್ಚದು. ಹೆಚ್ಚಾದರೆ ಕಾಡತೂಸಿನ ಕವಚ ಹಿಂದಕ್ಕೆ ಹಿಗ್ಗಿ ಬುಡದ ಬಳಿ ಹರಿಯಬಹುದು. ಹರಿದರೆ ಆ ಅನಿಲವೆಲ್ಲ ಮ್ಯಾಗಜಿನ್ನಿನ ಬಾಯಿಯಿಂದ, ರಿಸೀವರಿನ ಸಂದುಗಳಿಂದ ಹೊರನುಗ್ಗುತ್ತದೆ. ಆಗ ಕಣ್ಣು ಉಳಿಯುವುದು ಬಹುಮಟ್ಟಿಗೆ ಸುರಕ್ಷಾ ಕನ್ನಡಕದ ಮೇಲೆ ನಿಂತಿದೆ.

ಹೆಡ್‌ಸ್ಪೇಸ್ ನೋಡಲು ‘ಗೋ’, ‘ನೋ-ಗೋ’, ‘ಫೀಲ್ಡ್’ ಎಂಬ ಮೂರು ಅಳತೆಗೋಲುಗಳಿವೆ. ಕಾಡತೂಸಿನ ಆಕಾರದ ಉಕ್ಕಿನ ತುಂಡುಗಳು ಅವು. ಮೊದಲನೆಯದರ ಮೇಲೆ ಬೋಲ್ಟ್ ಮುಚ್ಚಲೇಬೇಕು, ಕೊನೆಯದರ ಮೇಲೆ ಮುಚ್ಚಲೇಬಾರದು. ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಅದನ್ನು ಮಾಡಿಯೇ ತೀರಬೇಕೆಂದು ಅಮೆರಿಕದ ಯಾವ ಕೇಂದ್ರ ಕಾನೂನೂ ಹೇಳುವುದಿಲ್ಲ.

ಕಲಾಶ್ನಿಕೋವ್‌ನಲ್ಲಿ ನಳಿಕೆಯನ್ನು ಟ್ರುನಿಯನ್ನಿನೊಳಗೆ ಒತ್ತಿ ಕೂರಿಸಿ ಪಿನ್ ಹೊಡೆಯುತ್ತಾರೆ. ಎಷ್ಟು ಒಳಕ್ಕೆ ಒತ್ತಿದರು ಎಂಬುದರ ಮೇಲೆಯೇ ಹೆಡ್‌ಸ್ಪೇಸ್ ನಿರ್ಧಾರವಾಗುತ್ತದೆ. 2005ರವರೆಗೆ ಬರುತ್ತಿದ್ದ ಬಹಳಷ್ಟು ಕಿಟ್‌ಗಳಲ್ಲಿ ಮೂಲ ನಳಿಕೆ ಮೂಲ ಟ್ರುನಿಯನ್ನಿನಲ್ಲೇ ಇರುತ್ತಿತ್ತು. ಸೇನಾ ಕಾರ್ಖಾನೆ ಮಾಡಿದ ಹೊಂದಾಣಿಕೆಗೆ ಯಾರೂ ಕೈಹಚ್ಚಬೇಕಿರಲಿಲ್ಲ. ಆ ವರ್ಷದ ಜುಲೈಯಲ್ಲಿ ಅಮೆರಿಕದ ಮದ್ಯ, ತಂಬಾಕು, ಬಂದೂಕು ಮತ್ತು ಸ್ಫೋಟಕ ಇಲಾಖೆಯಾದ ಎಟಿಎಫ್, ಆಮದಿಗೆ ಅರ್ಹವಲ್ಲದ ಬಂದೂಕುಗಳ ನಳಿಕೆಗಳಿಗೂ ಇನ್ನು ಅನುಮತಿ ಇಲ್ಲವೆಂದು ಪ್ರಕಟಿಸಿತು. ಅಂದಿನಿಂದ ಕಿಟ್‌ಗಳು ನಳಿಕೆಯಿಲ್ಲದೆ ಬರತೊಡಗಿದವು. ಹೊಸ ನಳಿಕೆಯನ್ನು ಅಮೆರಿಕದಲ್ಲಿ ಮಾಡಿ ಅಲ್ಲಿಯೇ ಕೂರಿಸಬೇಕಾಯಿತು. ರೈಫಲ್ ಜೋಡಣೆಯಲ್ಲಿ ಅತ್ಯಂತ ಸೂಕ್ಷ್ಮವಾದ ಕೆಲಸ ಹೀಗೆ ಸೇನಾ ಕಾರ್ಖಾನೆಯಿಂದ ಗ್ಯಾರೇಜಿಗೆ ವರ್ಗಾವಣೆಯಾಯಿತು. ಆಮದನ್ನು ಬಿಗಿಗೊಳಿಸುವ ಆದೇಶದ ಉದ್ದೇಶ ಏನೇ ಇರಲಿ, ಸುರಕ್ಷತೆಯ ಮಟ್ಟಿಗೆ ಅದು ಹಿನ್ನಡೆ ಎಂದೇ ಹೇಳಬೇಕು.

ಟ್ರುನಿಯನ್ನಿನ ಉಕ್ಕಿನ ಪ್ರಶ್ನೆಯೂ ಇದೆ. ಸೇನಾ ಕಾರ್ಖಾನೆಗಳು ಕಾದ ಉಕ್ಕನ್ನು ಬಡಿದು ರೂಪಿಸಿದ ಟ್ರುನಿಯನ್ ಬಳಸುತ್ತವೆ. ಅಮೆರಿಕದಲ್ಲಿ ಪೂರ್ತಿಯಾಗಿ ತಯಾರಾದ ಕೆಲವು ಅಗ್ಗದ ಕಲಾಶ್ನಿಕೋವ್‌ಗಳಲ್ಲಿ ಅಚ್ಚಿಗೆ ಎರೆದ ಟ್ರುನಿಯನ್‌ಗಳು ಬಂದವು. ಎರಕವೆಂದರೆ ಕಳಪೆ ಎಂದೇನಲ್ಲ. ಆದರೆ ಒಳಗೆ ಗಾಳಿಗುಳ್ಳೆ ಉಳಿದರೆ, ಶಾಖ ಸಂಸ್ಕಾರ ಕೆಟ್ಟರೆ, ಬೋಲ್ಟಿನ ಕಿವಿಗಳು ಪ್ರತಿ ಗುಂಡಿಗೂ ಮೃದುವಾದ ಲೋಹವನ್ನು ಕೊಂಚ ಕೊಂಚ ಜಜ್ಜುತ್ತ ಹೋಗುತ್ತವೆ. ಮೊದಲ ದಿನ ಅಳತೆಗೆ ಸರಿಯಿದ್ದ ಹೆಡ್‌ಸ್ಪೇಸ್ ಕೆಲವು ಸಾವಿರ ಗುಂಡುಗಳ ಹೊತ್ತಿಗೆ ಮಿತಿ ದಾಟಬಹುದು. ಹೊಸದೆಂಬ ಕಾರಣಕ್ಕೆ ಹಳೆಯ ಸೇನಾ ಭಾಗಕ್ಕಿಂತ ಇದು ಮೇಲೆಂದು ತಿಳಿಯುವುದು ತಪ್ಪು.

ಸ್ಪೇನಿನ ಸೆಟ್‌ಮೆ ಮತ್ತು ಜರ್ಮನಿಯ ಜಿ-3 ರೈಫಲ್‌ಗಳಲ್ಲಿ ಬೀಗದ ಬಗೆಯೇ ಬೇರೆ. ಅಲ್ಲಿ ಎರಡು ಉರುಳೆಗಳು ಬೋಲ್ಟನ್ನು ತಡೆದು ಹಿಡಿಯುತ್ತವೆ. ಬೋಲ್ಟಿನ ತಲೆಗೂ ಅದರ ಹಿಂದಿನ ಭಾಗಕ್ಕೂ ನಡುವೆ 0.1ರಿಂದ 0.5 ಮಿ.ಮೀ. ಅಂತರವಿದ್ದರೆ ಭಾಗಗಳು ಸವೆದಿಲ್ಲ ಎಂದರ್ಥ. ಸವೆದಾಗ ದಪ್ಪ ಉರುಳೆಗಳನ್ನು ಹಾಕುವುದು ಸರಿಯಾದ ದುರಸ್ತಿ. ಕಿಟ್‌ಗಳಿಂದ ಜೋಡಿಸಿದ ಕೆಲವು ರೈಫಲ್‌ಗಳಲ್ಲಿ ಬೋಲ್ಟ್ ತಲೆಯ ಹಿಂಭಾಗವನ್ನೇ ಉಜ್ಜಿ ತೆಗೆದು ಅಂತರ ‘ಬರಿಸಿದ್ದು’ ಕಂಡುಬಂದಿದೆ. ಅಳೆದು ನೋಡಿದರೆ ಅಂಕೆ ಸರಿ, ಒಳಗೆ ಸವಕಲು ಹಾಗೆಯೇ. ಜ್ವರಮಾಪಕವನ್ನು ತಣ್ಣೀರಲ್ಲಿ ಅದ್ದಿ ಜ್ವರ ಇಳಿಯಿತೆಂದಂತೆ.

ಬೆಲ್ಜಿಯಂ ಮೂಲದ ಎಫ್‌ಎಎಲ್ ರೈಫಲ್ ನಮ್ಮವರಿಗೆ ಅಪರಿಚಿತವಲ್ಲ. ದಶಕಗಳ ಕಾಲ ನಮ್ಮ ಸೈನಿಕರ, ಪೊಲೀಸರ ಹೆಗಲ ಮೇಲಿದ್ದ ‘ಎಸ್‌ಎಲ್‌ಆರ್’ ಇಷಾಪುರದಲ್ಲಿ ತಯಾರಾದ ಅದರ ಭಾರತೀಯ ರೂಪ. ಬ್ರಿಟನ್, ಕೆನಡ, ಆಸ್ಟ್ರೇಲಿಯಗಳು ಇದನ್ನು ಇಂಚಿನ ಅಳತೆಯಲ್ಲಿ ತಯಾರಿಸಿದವು; ಬೆಲ್ಜಿಯಂ ಮತ್ತಿತರ ದೇಶಗಳದ್ದು ಮೆಟ್ರಿಕ್ ಅಳತೆ. ನೋಡಲು ಅವಳಿಗಳಂತಿದ್ದರೂ ಇವುಗಳ ಭಾಗಗಳೆಲ್ಲ ಪರಸ್ಪರ ಹೊಂದುವುದಿಲ್ಲ. ಇಂಚಿನ ಮ್ಯಾಗಜಿನ್ ಮೆಟ್ರಿಕ್ ರೈಫಲ್‌ಗೆ ಕೂರದು. ಮೆಟ್ರಿಕ್ ಮ್ಯಾಗಜಿನ್ ಇಂಚಿನ ರೈಫಲ್‌ನಲ್ಲಿ ಸಡಿಲವಾಗಿ ಅಲುಗುತ್ತದೆ. ಭಾರತದ ರೈಫಲ್‌ನ ಭಾಗಗಳು ಎರಡಕ್ಕೂ ಪೂರ್ತಿಯಾಗಿ ಸೇರುವುದಿಲ್ಲ. ಹೆಡ್‌ಸ್ಪೇಸ್ ಇಲ್ಲಿ ‘ಲಾಕಿಂಗ್ ಶೋಲ್ಡರ್’ ಎಂಬ ಅಡ್ಡಪಟ್ಟಿಯ ದಪ್ಪದಿಂದ ನಿಶ್ಚಯವಾಗುತ್ತದೆ. ಪ್ರತಿ ರೈಫಲ್‌ಗೂ ಅಳೆದು ತಕ್ಕ ದಪ್ಪದ ಪಟ್ಟಿಯನ್ನು ಆರಿಸಬೇಕು. ಹಳೆಯ ರಿಸೀವರ್ ತುಂಡಾದಾಗ ಆ ಆಯ್ಕೆಯೂ ವ್ಯರ್ಥವಾಗುತ್ತದೆ. ಹೊಸ ರಿಸೀವರಿಗೆ ಹಳೆಯ ಪಟ್ಟಿಯನ್ನೇ ಅಳೆಯದೆ ಹಾಕುವವರಿದ್ದಾರೆ.

ಟ್ರಿಗರ್ ಮುಟ್ಟದೆ ಹಾರುವ ಗುಂಡು

ಸೋವಿಯತ್ ಮೂಲದ ಎಸ್‌ಕೆಎಸ್ ರೈಫಲ್ ಕಿಟ್ ರೂಪದಲ್ಲಲ್ಲ, ಇಡಿಯಾಗಿಯೇ ಬಹುಸಂಖ್ಯೆಯಲ್ಲಿ ಅಮೆರಿಕವನ್ನು ಸೇರಿತು. ಅದರ ದೋಷ ಲೋಹದ್ದಲ್ಲ, ಗ್ರೀಸಿನದು. ಉಗ್ರಾಣದಲ್ಲಿಡುವಾಗ ತುಕ್ಕು ಹಿಡಿಯದಂತೆ ‘ಕಾಸ್ಮೊಲೀನ್’ ಎಂಬ ಜಿಡ್ಡಿನಲ್ಲಿ ರೈಫಲನ್ನು ಅದ್ದಿರುತ್ತಾರೆ. ವರ್ಷಗಳು ಕಳೆದಂತೆ ಅದು ಮೇಣದಂತೆ ಗಟ್ಟಿಯಾಗುತ್ತದೆ. ಆರಂಭದ ಸೋವಿಯತ್ ಎಸ್‌ಕೆಎಸ್‌ಗಳಲ್ಲಿ ಫೈರಿಂಗ್ ಪಿನ್ನನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಇತ್ತು. ನಂತರದವುಗಳಲ್ಲಿ ಅದನ್ನು ಕೈಬಿಡಲಾಯಿತು, ಪಿನ್ ತನ್ನ ಕೊಳವೆಯಲ್ಲಿ ಸ್ವತಂತ್ರವಾಗಿ ಹಿಂದೆ ಮುಂದೆ ಜಾರುತ್ತದೆ. ಜಿಡ್ಡು ಅದನ್ನು ಮುಂದಕ್ಕೆ ಅಂಟಿಸಿಬಿಟ್ಟರೆ, ಬೋಲ್ಟ್ ಮುಚ್ಚಿಕೊಂಡ ಕ್ಷಣವೇ ಗುಂಡು ಹಾರುತ್ತದೆ. ಮರುಕ್ಷಣ ಇನ್ನೊಂದು, ಮತ್ತೊಂದು. ಕೆಲವೊಮ್ಮೆ ಮ್ಯಾಗಜಿನ್ ಬರಿದಾಗುವ ತನಕ. ಇದನ್ನೇ ‘ಸ್ಲ್ಯಾಮ್ ಫೈರ್’ ಎನ್ನುತ್ತಾರೆ. ಮದ್ದು ಸುಲಭದ್ದು: ಬೋಲ್ಟನ್ನು ಪೂರ್ತಿ ಬಿಚ್ಚಿ ತೊಳೆಯಬೇಕು, ಅಲುಗಿಸಿದರೆ ಪಿನ್ ಒಳಗೆ ಕಿಲಿಕಿಲಿ ಸದ್ದು ಮಾಡಬೇಕು. ಹೊಸ ರೈಫಲ್ ತಂದ ಸಂಭ್ರಮದಲ್ಲಿ ಮೇಲ್ಮೈಯನ್ನಷ್ಟೇ ಒರೆಸಿ ಶೂಟಿಂಗ್ ಮೈದಾನಕ್ಕೆ ಹೋದವರೇ ತೊಂದರೆಗೆ ಸಿಕ್ಕಿದ್ದು.

ತಾನಾಗಿ ಹಾರುವ ಗುಂಡಿಗೆ ಕಾನೂನಿನ ಮುಖವೂ ಇದೆ. ಒಂದು ಒತ್ತಿಗೆ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವ ಬಂದೂಕು ಅಮೆರಿಕದ ಕಾನೂನಿನಲ್ಲಿ ‘ಮಷಿನ್‌ಗನ್’. ಸವೆದ ಟ್ರಿಗರ್ ಭಾಗಗಳಿಂದ ಹೀಗಾದರೆ ಮಾಲೀಕ ಅಪರಾಧಿಯೇ? ತನ್ನ ಬಂದೂಕಿಗೆ ಆ ಗುಣವಿದೆಯೆಂದು ಆರೋಪಿಗೆ ತಿಳಿದಿತ್ತು ಎಂಬುದನ್ನು ಸರ್ಕಾರ ಸಾಬೀತುಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 1994ರ ಸ್ಟೇಪಲ್ಸ್ ಪ್ರಕರಣದಲ್ಲಿ ಹೇಳಿತು. ಆದರೆ ವಿಸ್ಕಾನ್ಸಿನ್‌ನ ವ್ಯಕ್ತಿಯೊಬ್ಬರು ಎರವಲು ಕೊಟ್ಟ ರೈಫಲ್‌ನ ಪ್ರಕರಣದಲ್ಲಿ, ಅದು ಯಂತ್ರದೋಷವಷ್ಟೇ ಎಂಬ ವಾದ ನಿಲ್ಲಲಿಲ್ಲ. ರೈಫಲ್‌ನೊಳಗೆ ಸೇನೆಯ ಎಂ-16ರ ಭಾಗಗಳಿದ್ದವು. ಶಿಕ್ಷೆಯನ್ನು ಮೇಲ್ಮನವಿ ನ್ಯಾಯಾಲಯ 2009ರಲ್ಲಿ ಎತ್ತಿಹಿಡಿಯಿತು. ಸೇನಾ ಬಿಡಿಭಾಗವನ್ನು ಗೊತ್ತಿಲ್ಲದೆ ಕೊಳ್ಳುವವರು ಈ ತೀರ್ಪನ್ನು ಓದಿಕೊಳ್ಳುವುದು ಲೇಸು.

ಪರೀಕ್ಷಿಸುವವರು ಯಾರು?

ಯುರೋಪಿನಲ್ಲಿ ಈ ಪ್ರಶ್ನೆಗೆ ಹಳೆಯ ಉತ್ತರವಿದೆ. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ ರಾಜಶಾಸನ ದೊರೆತದ್ದು 1637ರಲ್ಲಿ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರದು. ಬ್ರಿಟನ್ನಿನಲ್ಲಿ ಪರೀಕ್ಷೆಯ ಮುದ್ರೆಯಿಲ್ಲದ ಬಂದೂಕನ್ನು ಮಾರುವುದೇ ಅಪರಾಧ. 1914ರಲ್ಲಿ ಹುಟ್ಟಿ ಇಂದು ಬ್ರಸೆಲ್ಸ್‌ನಲ್ಲಿ ನೆಲೆಯಿರುವ ಸಿಐಪಿ ಎಂಬ ಅಂತರರಾಷ್ಟ್ರೀಯ ಆಯೋಗದ ಸದಸ್ಯ ದೇಶಗಳಲ್ಲಿ ಪ್ರತಿ ರೈಫಲ್‌ನಲ್ಲೂ ಸಾಮಾನ್ಯ ಮಿತಿಗಿಂತ ಶೇ. 25ರಷ್ಟು ಹೆಚ್ಚಿನ ಒತ್ತಡದ ಕಾಡತೂಸನ್ನು ಸಿಡಿಸಿ, ತಾಳಿದರೆ ಮಾತ್ರ ಮುದ್ರೆ ಒತ್ತುತ್ತಾರೆ. ಅಮೆರಿಕ ಇದರ ಸದಸ್ಯನಲ್ಲ. ಅಲ್ಲಿರುವುದು 1926ರಲ್ಲಿ ಸ್ಥಾಪನೆಯಾದ ತಯಾರಕರ ಸಂಸ್ಥೆ ‘ಸಾಮಿ’. ಅದರ ಮಾನದಂಡಗಳು ಉತ್ತಮವಾಗಿಯೇ ಇವೆ, ಆದರೆ ಪಾಲಿಸುವುದು ಅವರವರ ಇಚ್ಛೆ. ಒಳ್ಳೆಯ ಕಾರ್ಖಾನೆಗಳು ಪಾಲಿಸುತ್ತವೆ. ಗ್ಯಾರೇಜಿಗೆ ಆ ಹಂಗಿಲ್ಲ.

ಆಟಿಕೆಯಿಂದ ಇಸ್ತ್ರಿಪೆಟ್ಟಿಗೆಯವರೆಗೆ ಎಲ್ಲದರ ಮೇಲೂ ನಿಗಾ ಇಡುವ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವಿದೆಯಲ್ಲ ಎಂದು ಕೇಳಬಹುದು. ಆಯೋಗವನ್ನು ಸೃಷ್ಟಿಸಿದ 1972ರ ಕಾಯಿದೆಯೇ ಬಂದೂಕು ಮತ್ತು ಕಾಡತೂಸುಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಎಟಿಎಫ್ ಆಮದಿಗೆ ಅನುಮತಿ ಕೊಡುತ್ತದೆ, ಪರವಾನಗಿ ನೋಡುತ್ತದೆ. ದೋಷಯುಕ್ತ ಬಂದೂಕನ್ನು ಹಿಂಪಡೆಯಿರಿ ಎಂದು ಆದೇಶಿಸುವ ಅಧಿಕಾರ ಅದಕ್ಕಿಲ್ಲ. ಗಾಯಗೊಂಡ ಗ್ರಾಹಕನಿಗೆ ಉಳಿದಿರುವುದು ನ್ಯಾಯಾಲಯ. 2005ರ ಕಾಯಿದೆ ಬಂದೂಕು ಉದ್ಯಮಕ್ಕೆ ದಾವೆಗಳಿಂದ ವಿಶಾಲ ರಕ್ಷಣೆ ಕೊಟ್ಟಿತಾದರೂ ವಿನ್ಯಾಸ ಮತ್ತು ತಯಾರಿಕೆಯ ದೋಷಗಳನ್ನು ಆ ರಕ್ಷಣೆಯಿಂದ ಹೊರಗಿಟ್ಟಿದೆ. ಬ್ರೆಜಿಲ್‌ನ ಟಾರಸ್ ಪಿಸ್ತೂಲುಗಳು ಕೆಳಗೆ ಬಿದ್ದರೆ ಸಿಡಿಯುತ್ತವೆ ಎಂಬ ಸಾಮೂಹಿಕ ದಾವೆಯಲ್ಲಿ 2015ರಲ್ಲಿ ರಾಜಿಯಾಗಿ, ಒಂಬತ್ತು ಮಾದರಿಗಳ ಹತ್ತಿರ ಹತ್ತಿರ ಹತ್ತು ಲಕ್ಷ ಪಿಸ್ತೂಲುಗಳು ಅದರ ವ್ಯಾಪ್ತಿಗೆ ಬಂದವು. ಸಂಸ್ಥೆ ತಪ್ಪೊಪ್ಪಿಕೊಳ್ಳಲಿಲ್ಲ. ಅಲ್ಲಿ ಪಿಸ್ತೂಲಿನ ಮೇಲೆ ತಯಾರಕನ ಹೆಸರಿತ್ತು. ಟ್ರುನಿಯನ್ ಪೋಲೆಂಡಿನದು, ನಳಿಕೆ ಒಂದು ಅಮೆರಿಕನ್ ಕಂಪನಿಯದು, ರಿಸೀವರ್ ಇನ್ನೊಂದರದು, ಒತ್ತಿ ಕೂರಿಸಿದವನು ಊರಿನ ಕುಶಲಿ ಎಂದಾದಾಗ ದಾವೆ ಯಾರ ಮೇಲೆ? ಆಮದು ರಿಸೀವರಿನ ಮೇಲೆ ಆಮದುದಾರನ ಹೆಸರಿರಬೇಕೆಂಬ ನಿಯಮ ಬೋಲ್ಟಿಗೂ ನಳಿಕೆಗೂ ಅನ್ವಯಿಸುವುದಿಲ್ಲ.

ಎಟಿಎಫ್ 2022ರಲ್ಲಿ ಜಾರಿಗೆ ತಂದ ನಿಯಮವೊಂದು ಸುಲಭವಾಗಿ ಬಂದೂಕಾಗಬಲ್ಲ ಕಿಟ್‌ಗಳನ್ನೂ ಬಂದೂಕೆಂದೇ ಪರಿಗಣಿಸಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು 7-2ರ ಬಹುಮತದಿಂದ ಎತ್ತಿಹಿಡಿಯಿತು. ಅದರ ಗುರಿ ಕ್ರಮಸಂಖ್ಯೆಯಿಲ್ಲದ ‘ಭೂತ ಬಂದೂಕು’ಗಳು. ಕಿಟ್‌ನೊಳಗಿನ ಉಕ್ಕು ಎಂಥದು ಎಂಬ ವಿಚಾರ ಅಲ್ಲಿಯೂ ಇಲ್ಲ.

ಅಮೆರಿಕದ ಕನ್ನಡಿಗರಿಗೆ

ಅಲ್ಲಿ ನೆಲೆಸಿರುವ ನಮ್ಮವರಲ್ಲಿ ಶೂಟಿಂಗ್ ಹವ್ಯಾಸದ ಕಡೆ ವಾಲುವವರಿಗೆ ಎರಡು ಸಂಗತಿ. ಎಚ್-1ಬಿಯಂತಹ ವಲಸೆಯೇತರ ವೀಸಾದಲ್ಲಿರುವವರು ಬಂದೂಕು, ಕಾಡತೂಸು ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಪಡೆದವರಿಗೆ ವಿನಾಯಿತಿಯಂತಹ ಕೆಲವು ಅಪವಾದಗಳಿವೆ. ಗ್ರೀನ್ ಕಾರ್ಡ್ ಉಳ್ಳವರಿಗೆ ಈ ನಿಷೇಧವಿಲ್ಲ. ಹಳೆಯ ಸೇನಾ ಭಾಗಗಳಿಂದ ಜೋಡಿಸಿದ ರೈಫಲ್ ಕೊಳ್ಳುವವರು ಬಂದೂಕು ದುರಸ್ತಿ ಬಲ್ಲವರಿಂದ ಹೆಡ್‌ಸ್ಪೇಸ್ ಅಳೆಸಿದ ಮೇಲೆಯೇ ಮೊದಲ ಗುಂಡು ಹಾರಿಸಬೇಕು. ಕೆಲವು ನೂರು ಗುಂಡುಗಳ ನಂತರ ಮತ್ತೊಮ್ಮೆ ಅಳೆಸುವುದು ಅಷ್ಟೇ ಮುಖ್ಯ.

ಊರಿಗೆ ಮರಳುವಾಗ ಮ್ಯಾಗಜಿನ್ನೋ ಟ್ರಿಗರ್ರೋ ಪೆಟ್ಟಿಗೆಯಲ್ಲಿ ಉಳಿದುಬಿಟ್ಟರೆ? ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆ ಅಮೆರಿಕದಂತೆ ಒಂದು ಚೌಕಟ್ಟನ್ನು ಮಾತ್ರ ಬಂದೂಕು ಎನ್ನುವುದಿಲ್ಲ. ಶಸ್ತ್ರಾಸ್ತ್ರ ಎಂಬ ಪದದ ವ್ಯಾಖ್ಯೆಯಲ್ಲೇ ಬಿಡಿಭಾಗಗಳೂ, ಅವನ್ನು ತಯಾರಿಸುವ ಯಂತ್ರಗಳೂ ಸೇರಿವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2029ರವರೆಗೆ ವಿಸ್ತರಣೆಗೊಂಡಿರುವ ವಿನಾಯಿತಿ ಪರವಾನಗಿಯಿಲ್ಲದೆ ಕೆಲವು ಬಗೆಯ ಬಂದೂಕು ಇಟ್ಟುಕೊಳ್ಳುವುದಕ್ಕೆ ಮಾತ್ರ ಸಂಬಂಧಿಸಿದ್ದು. ಆಮದಿಗೂ ಅರೆ-ಸ್ವಯಂಚಾಲಿತ ರೈಫಲ್‌ಗೂ ಅದು ಅನ್ವಯಿಸದು. ಅಮೆರಿಕದಲ್ಲಿ ಪಾರ್ಸೆಲ್‌ನಲ್ಲಿ ಬಂದ ಬೋಲ್ಟ್, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪರವಾನಗಿಯಿಲ್ಲದೆ ಆಮದಾದ ಶಸ್ತ್ರಾಸ್ತ್ರ.